ಗಾಣದ ಪಾಳಿಯಲ್ಲಿ ಅವನ ಚೀಟಿ

ನಾನು ಶಾಲೆ ಬಿಟ್ಟದ್ದು 1911ರಲ್ಲಿ, ನಾಲ್ಕನೆಯ ಇಯತ್ತೆಯ ನಡುವೆ. ಆ ವರ್ಷ ನಮ್ಮಪ್ಪನ ಬಲಗೈಯ ಮೂರು ಬೆರಳು ಕಬ್ಬಿನ ಗಾಣದ ಉರುಳಿಗೆ ಸಿಕ್ಕಿ ಹೋದವು. ಗಾಣ ನಮ್ಮದಲ್ಲ, ಊರ ದೊಡ್ಡ ಮನೆಯವರದು. ಅವರ ಕಬ್ಬೆಲ್ಲ ಅರೆದು ಮುಗಿದ ಮೇಲೆ ಉಳಿದವರಿಗೆ ಎರಡೆರಡು ದಿನ ಸಿಗುತ್ತಿತ್ತು. ಅಷ್ಟರಲ್ಲಿ ನಮ್ಮ ಕಬ್ಬು ಹೂ ಬಿಟ್ಟು, ಒಳಗೆಲ್ಲ ಬೆಂಡಾಗಿ, ಹಾಲು ಅರ್ಧಕ್ಕರ್ಧ ಬತ್ತಿರುತ್ತಿತ್ತು. ಎರಡು ದಿನದಲ್ಲಿ ಒಂದೆಕರೆ ಮುಗಿಸಬೇಕು ಎಂದು ಅಪ್ಪ ಅವಸರ ಮಾಡಿದ. ಗಾಣಕ್ಕೆ ಅವಸರ ಆಗದು. ಅದಾದ ಮರುದಿನದಿಂದ ಎತ್ತಿನ ಹಿಂದೆ ನಡೆಯುವುದು ನನ್ನ ಕೆಲಸವಾಯಿತು. ಶಾಲೆ ಬಿಟ್ಟದ್ದಕ್ಕೆ ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಂದಿ ಎದುರು ಅಳಲಿಲ್ಲ, ಅಷ್ಟೆ.

ನಮ್ಮೂರು ಮೂಡಲಗಿಗೂ ಮಸಗುಪ್ಪಿಗೂ ನಡುವಿನ ಸಣ್ಣ ಊರು. ನನ್ನ ಇಯತ್ತೆಯಲ್ಲಿ ನಾವು ಒಂಬತ್ತು ಹುಡುಗರು ಒಳಗೆ ಕೂಡುತ್ತಿದ್ದೆವು, ಹತ್ತನೆಯವನು ಹೊರಗೆ ಕಟ್ಟೆಯ ಮೇಲೆ. ಅವನು ಊರ ಹೊರಗಿನ ಕೇರಿಯವನು. ಮಾಸ್ತರರು ಬಾಯಿಲೆಕ್ಕ ಕೇಳಿದರೆ ನಾವು ಒಳಗೆ ಬೆರಳು ಎಣಿಸುತ್ತಿರುವಾಗಲೇ ಕಟ್ಟೆಯಿಂದ ಉತ್ತರ ಬರುತ್ತಿತ್ತು. ನಾನೂ ಲೆಕ್ಕದಲ್ಲಿ ಕಡಿಮೆಯವನಲ್ಲ. ಹೀಗಾಗಿ ಇಬ್ಬರಿಗೂ ದಿನವೂ ಒಂದು ಜಗಳ. ನಾನು ಶಾಲೆ ಬಿಟ್ಟ ವಾರ ನಮ್ಮ ಹೊಲದ ಬದುವಿಗೆ ಬಂದು ನಿಂತವನು ಅವನೊಬ್ಬನೇ.

"ನಾಳಿ ಸಾಲಿಗೆ ಬರೂದಿಲ್ಲೇನು?" ಎಂದ.

ಇನ್ನು ಬರುವುದೇ ಇಲ್ಲ ಎಂದೆ.

"ಹಂಗಾದ್ರ ಇನ್ನ ನಾ ಯಾರ ಸಂಗಾಟ ಜಗಳ ತಗೀಲಿ?"

ಮರುವರ್ಷ ಅವನೂ ಬಿಟ್ಟ. ಅವನ ಮನೆಯಲ್ಲಿ ಬೆರಳು ಕಳೆದುಕೊಂಡವರಾರೂ ಇರಲಿಲ್ಲ. ಬಾಯಿಗಳು ಹೆಚ್ಚಿದ್ದವು.

ಮುಂದೆ ಹತ್ತು ಹನ್ನೆರಡು ಸುಗ್ಗಿ ನಾವಿಬ್ಬರೂ ಕೂಡಿ ಕಬ್ಬು ಕಡಿದೆವು, ನಮ್ಮದು, ಮಂದಿಯದು, ಯಾರದಾದರೂ. ನನ್ನ ಸಾಲಿನ ಬಾಜೂದ ಸಾಲು ಅವನದು. ಕಬ್ಬಿನ ಸವಿ ಬುಡದ ಗೆಣ್ಣಿನಲ್ಲಿ ಇರುತ್ತದೆ. ನೆಲಕ್ಕೆ ಕುಡುಗೋಲು ತಾಗುವ ಹಾಗೆ ಬಾಗಿ ಕಡಿಯಬೇಕು. ಸೊಂಟ ನೋಯುತ್ತದೆ ಎಂದು ಒಂದು ಗೇಣು ಮೇಲೆ ಕಡಿಯುವವರೇ ಹೆಚ್ಚು. ಅವನು ಎಂದೂ ಹಾಗೆ ಮಾಡಲಿಲ್ಲ, ಪರರ ಹೊಲದಲ್ಲಿಯೂ ಮಾಡಲಿಲ್ಲ. ನಾನೂ ಮಾಡಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಕೂಲಿಗೆ ಹೋದಲ್ಲಿ ನಮ್ಮಿಬ್ಬರನ್ನೂ ಜೋಡಿಯಾಗಿಯೇ ಕರೆಯುತ್ತಿದ್ದರು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಇಬ್ಬರ ನಡುವೆ ಎರಡು ಮಾರು ಅಂತರ. ಅದನ್ನು ಯಾರೂ ನಮಗೆ ಕಲಿಸಬೇಕಾಗಿರಲಿಲ್ಲ. ಅವನ ಹೆಂಡತಿ ಅರೆದ ಕೆಂಪು ಖಾರ ನಮ್ಮ ಮನೆಯದಕ್ಕಿಂತ ಒಂದು ಕೈ ಮೇಲು. ಕೇಳಿದರೆ ಅವನು ಕಬ್ಬಿನ ಗರಿಯ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದ. ನಾನು ಹೋಗಿ ತೆಗೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಹೇಳುತ್ತಿರಲಿಲ್ಲ. ಇಬ್ಬರೇ ಇದ್ದಾಗ ಅವನು ನನ್ನನ್ನು "ನೀ" ಎನ್ನುತ್ತಿದ್ದ, ಮೂರನೆಯವರು ಬಂದರೆ "ರೀ" ಹಚ್ಚುತ್ತಿದ್ದ. ನಾನು ಮಾತ್ರ ಎಲ್ಲ ಕಾಲಕ್ಕೂ "ನೀ" ಎಂದೇ ಅನ್ನುತ್ತಿದ್ದೆ. ಇದು ಆಗ ನನ್ನ ಲಕ್ಷ್ಯಕ್ಕೇ ಬರಲಿಲ್ಲ.

ಕಾಲುವೆ ನೀರು ನಮ್ಮ ಹೊಲಗಳ ಅಂಚಿಗೆ ಬಂದ ಮೇಲೆ ಸಣ್ಣ ಹಿಡುವಳಿಯವರೂ ಕಬ್ಬು ಹಚ್ಚತೊಡಗಿದರು. ನೀರು ದೊಡ್ಡವರ ಹೊಲ, ಸಣ್ಣವರ ಹೊಲ ಎಂದು ನೋಡಲಿಲ್ಲ. ಗಾಣ ನೋಡಿತು. ದೊಡ್ಡ ಮನೆಯವರ ಕಬ್ಬು ಈಗ ಮೊದಲಿನ ಎರಡು ಪಾಲು. ನಮಗೆ ಸಿಗುತ್ತಿದ್ದ ಎರಡು ದಿನ ಒಂದಾಯಿತು. ಹೀಗೇ ಬಿಟ್ಟರೆ ನೀರು ಬಂದೂ ನಾವು ಬಡವರಾಗಿಯೇ ಉಳಿಯುತ್ತೇವೆ ಎಂದು ನನಗೆ ಅನ್ನಿಸಿತು. ಮನೆಮನೆಗೆ ತಿರುಗಿ, ನನ್ನನ್ನೂ ಹಿಡಿದು ಹನ್ನೊಂದು ಮಂದಿಯನ್ನು ಕೂಡಿಸಿದೆ. ಕೂಡಿ ಒಂದು ಕಬ್ಬಿಣದ ಗಾಣ ತರುವುದು, ಸಂಘ ಮಾಡುವುದು. ಒಬ್ಬರು ಸೂರಿಗೆ ಬೇವಿನ ಮರ ಕೊಟ್ಟರು, ಒಬ್ಬರು ಹಾಲು ಕುದಿಸುವ ಕೊಪ್ಪರಿಗೆ, ಊರ ಹಿರಿಯ ಗೌಡರೊಬ್ಬರು ಜಾಗ. ಅವರಿಗೆ ಮೂರೆಕರೆ ಕಬ್ಬು, ನನಗೆ ಒಂದು.

ಪಾಳಿಗೆ ಒಂದು ಪದ್ಧತಿ ಮಾಡಿದೆವು. ಸುಗ್ಗಿಯ ಮೊದಲು ಎಲ್ಲರ ಹೆಸರಿನ ಚೀಟಿ ಬರೆದು ಒಂದು ಹೊಸ ಗಡಿಗೆಗೆ ಹಾಕುವುದು. ಒಬ್ಬೊಬ್ಬರಾಗಿ ಕೈ ಹಾಕಿ ತೆಗೆಯುವುದು. ಮೊದಲು ಬಂದ ಹೆಸರಿಗೆ ಮೊದಲ ಪಾಳಿ. ಮೂರೆಕರೆಯವರಿಗೂ ಅರ್ಧ ಎಕರೆಯವರಿಗೂ ಅದೇ ಗಡಿಗೆ. ಮೊದಲ ವರ್ಷ ಗೌಡರಿಗೆ ಒಂಬತ್ತನೆಯ ಪಾಳಿ ಬಂತು. ಅವರು ಗಡಿಗೆಯನ್ನೇ ನೋಡುತ್ತ ಕುಳಿತರು. ಆಮೇಲೆ ನಕ್ಕರು.

ಗಾಣದ ಮನೆಯ ಒಲೆಯ ಗುಂಡಿ ತೋಡಿದವನು ನನ್ನ ಗೆಳೆಯ. ನಾನು ಮಣ್ಣು ಎತ್ತಿ ಹಾಕಿದೆ, ತೋಡಿದ್ದು ಅವನು. ಗಾಳಿ ಎಲ್ಲಿಂದ ಎಳೆಯುತ್ತದೆ, ಹೊಗೆ ಎತ್ತ ಹೋಗಬೇಕು, ಅವನಿಗೆ ಗೊತ್ತು. ಒಲೆ ಹೊತ್ತುವ ತನಕ ಅವನು ಆ ಸೂರಿನ ಒಳಗೆ ಎಲ್ಲಿ ಬೇಕಾದಲ್ಲಿ ನಿಲ್ಲಬಹುದಿತ್ತು. ಒಲೆ ಹೊತ್ತಿತು, ಕೊಪ್ಪರಿಗೆ ಏರಿತು, ಅವನು ಬೇಲಿಯ ಆಚೆಗೆ ಹೋದ.

ಅವನಿಗೆ ಕಾಲುವೆಯ ಕೆಳಗೆ ಹಿರಿಯರು ಮಾಡಿದ ಊರ ಚಾಕರಿಯಿಂದ ಬಂದ ಮೂವತ್ತು ಗುಂಟೆ ಹೊಲ ಇತ್ತು. ಮೊದಲೆಲ್ಲ ಜೋಳ. ನಮ್ಮ ಸಂಘ ನೋಡಿ ಅವನೂ ಕಬ್ಬು ಹಚ್ಚಿದ. ಅಂಥ ಕಬ್ಬು ನಾನು ಆ ಸುತ್ತಿನಲ್ಲಿ ಕಂಡಿರಲಿಲ್ಲ, ನನ್ನದೂ ಸೇರಿ. ಚೀಟಿ ಎತ್ತುವ ಹೊತ್ತು ಹತ್ತಿರ ಬಂದಾಗ ಸಾಲಿನ ನಡುವೆ ಬಾಗಿಕೊಂಡೇ ಹೇಳಿದ:

"ಗಡಿಗ್ಯಾಗ ನಂದೂ ಒಂದು ಚೀಟಿ ಹಾಕಸು. ಹನ್ನೆರಡನೇದು ಬಂದ್ರೂ ನಡೀತೈತಿ."

ಸಭೆಯಲ್ಲಿ ಕೇಳುತ್ತೇನೆ ಎಂದೆ. ಕೇಳಿದೆ ಕೂಡ, ಆದರೆ ಹೇಗೆ ಕೇಳಿದೆ ಎಂದರೆ, ಮಳೆ ಬರುತ್ತದೋ ಏನೋ ಎಂದು ಕೇಳುವ ಹಾಗೆ. ಮಾತು ಬಹಳ ಹೊತ್ತು ನಡೆಯಿತು. ಒಣಗಿದ್ದಕ್ಕೆ ಮೈಲಿಗೆ ಇಲ್ಲ, ಹಸಿಯದಕ್ಕೆ ಉಂಟು ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಕಟ್ಟಳೆ. ಅವನು ಕಡಿದ ಕಬ್ಬು ನಡೆಯುತ್ತದೆ, ಅವನು ಹೊರೆ ಕಟ್ಟಿದರೂ ನಡೆಯುತ್ತದೆ. ಆದರೆ ಹಾಲು ಇಳಿದ ಮೇಲೆ? ಅವನ ಹೊಲದ ಹಾಲು ನಮ್ಮ ಕೊಪ್ಪರಿಗೆಗೆ ಬಿದ್ದರೆ ಆ ಕೊಪ್ಪರಿಗೆಯ ಬೆಲ್ಲವನ್ನು ಗೋಕಾಕದ ಪೇಟೆಯಲ್ಲಿ ಯಾರು ಮುಟ್ಟುತ್ತಾರೆ? ಕಬ್ಬು ಗಾಣದ ಎಡಗಡೆ ಇದ್ದಾಗ ಶುದ್ಧ, ಬಲಗಡೆ ಹಾಲಾಗಿ ಬಂದಾಗ ಅಶುದ್ಧ, ನಡುವೆ ಉರುಳಿನಲ್ಲಿ ಇದ್ದಾಗ ಏನು ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಗೌಡರು ನಗಲಿಲ್ಲ.

"ಚೀಟಿ ಹಾಕೂದಾದ್ರ ಹಾಕ್ರಿ," ಎಂದರು. "ನಂದು ತಗದು ಹಾಕ್ರಿ. ಜಾಗಾನೂ ತಗೋತೇನಿ."

ಮತ್ತಿಬ್ಬರು ಅವರ ಹಿಂದೆ ಎದ್ದರು. ನಾನು ಕಟ್ಟಿದ ಸಂಘ ನನ್ನ ಕಣ್ಣೆದುರಿಗೇ ಬಿಚ್ಚಿಹೋಗುತ್ತದೆ ಎನ್ನಿಸಿತು. ನನ್ನ ಜೀವಮಾನದಲ್ಲಿ ನಾನು ದುಡಿಮೆಗೆ ಹಿಂದೆ ಸರಿದದ್ದಿಲ್ಲ, ಯಾರ ಮುಂದೆಯೂ ಕೈ ಚಾಚಿದ್ದಿಲ್ಲ. ಆ ದಿನ ಮಾತ್ರ ಬಾಯಿ ಮುಚ್ಚಿಕೊಂಡು ಕುಳಿತಿದ್ದೆ.

ಆಮೇಲೆ ನಾನೊಂದು ಉಪಾಯ ಹುಡುಕಿದೆ. ಅದು ಉಪಾಯ ಎಂದು ಆಗ ನಂಬಿದ್ದೆ. ಅವನ ಕಬ್ಬನ್ನು ನನ್ನ ಹೆಸರಿನಲ್ಲಿ ನನ್ನ ಪಾಳಿಗೆ ಸೇರಿಸಿದರಾಯಿತು. ಅವನು ಕಡಿದು ಕೊಡಲಿ, ಬಂಡಿ ನನ್ನದು, ಗಾಣದಲ್ಲಿ ಯಾರೂ ಕೇಳುವುದಿಲ್ಲ. ಗೌಡರಿಗೂ ಗೊತ್ತಿತ್ತು. ನನ್ನ ಹೆಸರಿನ ಕೆಳಗೆ ಬಂದ ಕಬ್ಬಿಗೆ ಅವರ ತಕರಾರು ಇರಲಿಲ್ಲ. ಬೆಲ್ಲ ಮಾರಿ ಬಂದದ್ದೆಲ್ಲ ಅವನಿಗೇ ಕೊಡುವುದು. ಅವನಿಗೆ ಹೇಳಿದಾಗ ಕುಡುಗೋಲು ಮಸೆಯುತ್ತಲೇ ಕೇಳಿದ. ಕಬ್ಬು ಕಡಿದ. ಹೊಲದಲ್ಲಿ ಬಿಟ್ಟರೆ ದನ ತಿನ್ನುತ್ತಿದ್ದವು, ಇನ್ನೇನು ಮಾಡಿಯಾನು.

ಆ ದಿನ ಅವನು ಬೇಲಿಯ ಆಚೆ ಕಬ್ಬಿನ ಒಣಗರಿ ರವದಿಯ ಬಣವೆಗೆ ಒರಗಿ ನಿಂತಿದ್ದ. ತನ್ನ ಹೊಲದ ಹಾಲು ಕುದಿಯುವುದನ್ನು ಕಾಣಲಾರ, ನಡುವೆ ಗೋಡೆ. ನಾವು ಒಳಗೆ ಉದ್ದನೆಯ ಮರದ ಹುಟ್ಟಿನಿಂದ ಪಾಕ ಎತ್ತಿ ಎತ್ತಿ ನೋಡುತ್ತಿದ್ದೆವು. ಇನ್ನೂ ಒಂದು ಕುದಿ ಬೇಕು ಎಂದು ನಾನು, ಎರಡು ಎಂದು ಇನ್ನೊಬ್ಬ.

"ಇಳಸ್ರಿ," ಎಂದು ಬೇಲಿಯ ಕಡೆಯಿಂದ ಕೇಳಿಸಿತು. "ತಳಾ ಹಿಡ್ಯಾಕತ್ತೈತಿ."

ವಾಸನೆಯ ಮೇಲೆ ಹೇಳಿದ್ದ. ನಾವು ಮಾತಾಡುತ್ತ ನಿಂತೆವು. ಇಳಿಸುವಷ್ಟರಲ್ಲಿ ತಳ ಹಿಡಿದೇಬಿಟ್ಟಿತ್ತು. ಆ ಒಂದು ಕೊಪ್ಪರಿಗೆಯ ಬೆಲ್ಲ ಕಪ್ಪಾಯಿತು.

ಉಳಿದದ್ದು ಬಂಗಾರದಂತೆ ಬಂತು. ನಮ್ಮಲ್ಲಿ ಬೆಲ್ಲದ ಪೆಂಟೆ ಹಸಿಯಿರುವಾಗಲೇ ಮೇಲೆ ತಮ್ಮ ತಮ್ಮ ಗುರುತು ಒತ್ತುತ್ತಾರೆ, ಪೇಟೆಯಲ್ಲಿ ಯಾರ ಬೆಲ್ಲ ಎಂದು ತಿಳಿಯಬೇಕಲ್ಲ. ನನ್ನದು ಒಂದು ಉಂಗುರ, ನಡುವೆ ಅಡ್ಡಗೆರೆ. ರೂಢಿಯಂತೆ ಅದನ್ನೇ ಒತ್ತುತ್ತ ಹೋದೆ. ಮರುದಿನ ಬಂಡಿ ಹೇರುವಾಗ ಅವನು ಬಂದು ಪೆಂಟೆಗಳನ್ನು ನೋಡಿದ. ಒಂದನ್ನು ಬೆರಳಿನಿಂದ ಬಡಿದು ಸಪ್ಪಳ ಕೇಳಿದ. ಗಟ್ಟಿ ಬೆಲ್ಲ.

"ಇದು ನಿಂದಾತಲ್ಲೋ," ಎಂದ. "ನಿನ್ನ ಗುರ್ತು ಐತಿ."

"ಬಂದದ್ದೆಲ್ಲಾ ನಿನಗ ಕೊಡ್ತೇನಲ್ಲಾ."

"ನಾ ಅದನ್ನೇನ ಕೇಳಿದ್ದೆ? ಗಡಿಗ್ಯಾಗ ಚೀಟಿ ಕೇಳಿದ್ದೆ."

ನನಗೆ ಸಿಟ್ಟು ಬಂತು. ಹತ್ತು ಮಂದಿಯನ್ನು ಸಂಭಾಳಿಸಿ ಇಷ್ಟು ಮಾಡಿದ್ದಕ್ಕೆ ಇದೇ ಏನು ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥವಲ್ಲ. ಅವನು ಕೇಳಿಸಿಕೊಂಡ. ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ. ಆದರೂ "ಉಪಕಾರ ಆತ್ರಿ" ಎಂದು ಹೇಳಿ ಹೋದ.

ಆ ಬೇಸಿಗೆಯಲ್ಲಿ ಅವನು ಹೆಂಡತಿಯನ್ನು ಕರೆದುಕೊಂಡು ಗೋಕಾಕದ ಜಲಪಾತದ ಹತ್ತಿರದ ನೂಲಿನ ಗಿರಣಿಗೆ ಹೋಗಿಬಿಟ್ಟ. ಮೂವತ್ತು ಗುಂಟೆಯನ್ನು ತಮ್ಮನಿಗೆ ಒಪ್ಪಿಸಿದ್ದ. ತಮ್ಮ ಮತ್ತೆ ಜೋಳ ಬಿತ್ತಿದ.

ಮುಂದಿನ ಸುಗ್ಗಿಯಲ್ಲಿ ನನ್ನ ಬಾಜೂದ ಸಾಲಿಗೆ ಬೇರೆಯವನು ಬಂದ. ಒಂದು ಗೇಣು ಮೇಲೆ ಕಡಿಯುತ್ತಿದ್ದ. ಒಮ್ಮೆ ಹೇಳಿದೆ, ಎರಡು ಸಲ ಹೇಳಿದೆ, ಬಿಟ್ಟೆ. ಬಾಗಿ ಕಡಿಯುತ್ತಿರುವಾಗ ನಡುವೆಯೇ ಏನೋ ಲೆಕ್ಕ ಕೇಳಬೇಕೆನಿಸುತ್ತಿತ್ತು. ಒಂದು ಮಾರಿಗೆ ಇಷ್ಟು ಗಣೆ ಕಬ್ಬು ಆದರೆ ಇಡೀ ಸಾಲಿಗೆ ಎಷ್ಟು, ಇಂಥವು. ಕೇಳಿದರೆ ಹೇಳುವವರು ಇಲ್ಲ. ಮಧ್ಯಾಹ್ನ ಬುತ್ತಿಯ ಖಾರ ನಾಲಿಗೆಗೆ ಹತ್ತುತ್ತಿರಲಿಲ್ಲ. ಹೆಂಡತಿಗೆ ಇದು ತಿಳಿಯಿತು. ನನ್ನ ಖಾರಕ್ಕೆ ಏನಾಗೇತಿ ಎಂದು ಒಂದು ದಿನ ಕೇಳಿದಳು. ಅಂದು ಎಲ್ಲ ಹೇಳಿದೆ, ಕಬ್ಬಿನ ಗರಿಯ ಸಂಗತಿಯನ್ನೂ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನೀವು ಅವನ ಕಬ್ಬು ಅರದ್ರಿ," ಎಂದಳು. "ಅವನ ಪಾಳಿ ನುಂಗಿದ್ರಿ."

ಆದರೂ ನಾನು ಅವನನ್ನು ನೋಡಲು ಹೋಗಲಿಲ್ಲ. ಅವನೇ ಬರಲಿ ಎಂದಿದ್ದೆ. ಹಾಗೆ ಮೂರು ಸುಗ್ಗಿ ಕಳೆದವು. ನಾಲ್ಕನೆಯ ವರ್ಷ ಬೆಲ್ಲ ಹೇರಿಕೊಂಡು ಗೋಕಾಕದ ಪೇಟೆಗೆ ಹೋದವನು ಎತ್ತುಗಳನ್ನು ಅಲ್ಲೇ ಕಟ್ಟಿ, ಹಿಂದಿರುಗುವ ದಾರಿ ಬಿಟ್ಟು ಜಲಪಾತದ ಕಡೆ ನಡೆದೆ. ತೂಗುಸೇತುವೆಯನ್ನು ಕಂಬಿ ಹಿಡಿದು ದಾಟಿದೆ. ನದಿಯ ಸಪ್ಪಳದಲ್ಲಿ ಗಿರಣಿಯ ಸಪ್ಪಳ ಬೆರೆತಿತ್ತು. ಪಾಳಿ ಬಿಟ್ಟಾಗ ಮಂದಿ ಹೊರಬಿತ್ತು. ತಲೆಗೆಲ್ಲ ಹತ್ತಿ ಅಂಟಿದ್ದರಿಂದ ಎಲ್ಲರೂ ಮುದುಕರಂತೆ ಕಾಣುತ್ತಿದ್ದರು. ನನಗೆ ಗುರುತು ಹತ್ತಲಿಲ್ಲ, ಅವನೇ ಬಂದು ಎದುರಿಗೆ ನಿಂತ.

"ಈ ಸಲ ಎಷ್ಟನೇ ಪಾಳಿ?" ಎಂದ. ಅವನ ಮೊದಲ ಮಾತು ಅದು.

ಏಳನೆಯದು ಎಂದೆ. ಬಂಡೆಯ ಮೇಲೆ ಕುಳಿತೆವು. ಯಾರ ಹೊಲದ ಇಳುವರಿ ಎಷ್ಟು, ಕಾಲುವೆ ಯಾವ ತಿಂಗಳು ಬಿಟ್ಟರು, ಒಲೆಯ ಹೊಗೆ ಈಗಲೂ ಸರಿಯಾಗಿ ಹೋಗುತ್ತದೆಯೋ, ಎಲ್ಲ ಕೇಳಿದ. ನಾನು ಕ್ಷಮೆ ಕೇಳಬೇಕೆಂದು ಹೋದವನು. ಅದರ ಬದಲು, ಊರಿಗೆ ಬಾ, ನಮ್ಮ ಹೊಲದಲ್ಲಿ ಪಾಲಿಗೆ ಮಾಡು ಎಂದೆ.

"ಗಡಿಗ್ಯಾಗ ಚೀಟಿ ಹಾಕಿದ್ರೇನು?"

ಇಲ್ಲ ಎಂದು ತಲೆಯಾಡಿಸಿದೆ.

"ಇಲ್ಲಿ ದಿನಾ ಮುಂಜಾನಿ ನನ್ನ ಹೆಸರು ಕರೀತಾರ," ಎಂದ. "ಹಾಜರಿ. ನನ್ನ ಹಿಂದೊಬ್ಬ, ಮುಂದೊಬ್ಬ, ನಡುವ ನಾನು. ಊರಾಗ ನನ್ನ ಹೆಸರು ಯಾರ ಕರದಿದ್ರು ಹೇಳು? ಹೊರೀ ಹೊರೂದಿದ್ದಾಗ ಕರೀತಿದ್ರಿ." ತಲೆಯ ಹತ್ತಿ ಕೊಡವಿಕೊಂಡು, "ಕಬ್ಬಿನ ಹಾಲು ಕುದ್ಯೂ ವಾಸನಿ ಇಲ್ಲ ಇಲ್ಲಿ. ಅದೊಂದು" ಎಂದ.

ಹಿಂದಿರುಗುವಾಗ ಹದಿನಾರು ಮೈಲಿಯ ದಾರಿಯಲ್ಲಿ ಎತ್ತುಗಳೇ ಬಂಡಿಯನ್ನು ಮನೆಗೆ ತಂದವು, ನಾನಲ್ಲ.

ನನ್ನ ಹೆಂಡತಿಯ ತವರು ಹುಕ್ಕೇರಿಯ ಕಡೆಗೆ. ಮುಂದಿನ ವರ್ಷ ಅಲ್ಲಿಗೆ ಹೋದಾಗ ಮಗ್ಗದವರು ಕೂಡಿ ನಡೆಸುವ ಒಂದು ಸಂಘ ನೋಡಿದೆ. ನೂಲಿನ ಕಟ್ಟು ಹಂಚುತ್ತಿದ್ದರು. ಯಾರು ಮೊದಲು ಬಂದು ಕುಳಿತರೋ ಅವರಿಗೆ ಮೊದಲು. ಹೊರಗಿನ ಕೇರಿಯ ಒಬ್ಬ ಹೆಣ್ಣುಮಗಳು ಮೂರನೆಯವಳಾಗಿ ಕುಳಿತಿದ್ದಳು. ಮೂರನೆಯ ಕಟ್ಟು ಅವಳ ಕೈಗೆ ಹೋಯಿತು. ಯಾರೂ ತಲೆ ಎತ್ತಿ ಸಹ ನೋಡಲಿಲ್ಲ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ. ಇಷ್ಟು ಸಲೀಸಾಗಿ ಆಗುವ ಕೆಲಸ ಎಂದು ನನಗೆ ಗೊತ್ತಿರಲಿಲ್ಲ.

ಊರಿಗೆ ಬಂದು ಸಭೆಯಲ್ಲಿ ನೆಟ್ಟಗೆ ನಿಂತು ಮಾತೆತ್ತಿದೆ. ಕಬ್ಬು ಬೆಳೆದವರೆಲ್ಲರ ಚೀಟಿ ಗಡಿಗೆಗೆ ಬೀಳಬೇಕು ಎಂದೆ. ಹನ್ನೊಂದರಲ್ಲಿ ಎರಡು ಕೈ ಎದ್ದವು, ಒಂದು ನನ್ನದು. ಮರುವರ್ಷ ಮೂರು. ಸಭೆ ಕೂಡಿದಾಗಲೆಲ್ಲ ನಾನು ಅದನ್ನೇ ಎತ್ತುತ್ತಿದ್ದೆ. "ಬಂತಪಾ ಇವನ ಚೀಟಿ" ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ಕೊನೆಗೆ ಕೆಲಸ ಆದದ್ದು ನನ್ನ ಮಾತಿನಿಂದಲ್ಲ. ಎತ್ತಿನ ಗಾಣ ಸಾಲದೆ ಬಂದು, ಎಣ್ಣೆ ಇಂಜಿನ್ನಿನ ಗಾಣ ಬೇಕೆಂದು ಸಂಘದವರಿಗೆಲ್ಲ ಆಸೆಯಾಯಿತು. ಸರಕಾರದ ನೆರವು ಕೇಳಿದೆವು. ವಿಚಾರಣೆಗೆ ಬಂದ ಸಾಹೇಬರು ತೆಳ್ಳನೆಯ ಮನುಷ್ಯ, ದನಿ ಏರಿಸಿದವರಲ್ಲ. ಊರಲ್ಲಿ ಕಬ್ಬು ಬೆಳೆಯುವ ಯಾರನ್ನೂ ಹೊರಗಿಡುವುದಿಲ್ಲ ಎಂದು ನಿಯಮ ಬರೆದು ಸಹಿ ಮಾಡಿದರೆ ಇಂಜಿನ್, ಇಲ್ಲವಾದರೆ ಇಲ್ಲ ಎಂದು ಹೇಳಿ ಚಹಾ ಕುಡಿದರು. ಅಂದು ಒಂಬತ್ತು ಕೈ ಎದ್ದವು. ನಮಗೆ ಬುದ್ಧಿ ಬಂತು ಎಂದು ನಾನು ಬರೆಯಲಾರೆ. ನಮಗೆ ಇಂಜಿನ್ ಬೇಕಾಗಿತ್ತು. ಆದರೆ ನಿಯಮ ನಿಯಮವೇ. ಯಾವ ಕಾರಣಕ್ಕೆ ಬರೆದರೂ ಬರೆದದ್ದು ಉಳಿಯುತ್ತದೆ. ಗೌಡರು ಜಾಗ ಹಿಂದೆ ತೆಗೆದುಕೊಳ್ಳಲಿಲ್ಲ, ಸಹಿಯನ್ನೂ ಮಾಡಲಿಲ್ಲ.

ಗಿರಣಿಗೆ ಹೇಳಿ ಕಳಿಸಿದೆ. ಆ ವರ್ಷ ಅವನ ತಮ್ಮ ಮೂವತ್ತು ಗುಂಟೆಗೆ ಕಬ್ಬು ಹಚ್ಚಿದ. ಮರುವರ್ಷ ಚೀಟಿ ಎತ್ತುವ ದಿನ ಅವನ ಹೆಸರನ್ನು ನಾನೇ ಬರೆದೆ, ನಾಲ್ಕನೆಯ ಇಯತ್ತೆಯ ಅಕ್ಷರದಲ್ಲಿ. ಅವನು ರಜೆ ಹಾಕಿ ಬಂದಿದ್ದ. ಗಡಿಗೆಯ ಮುಂದೆ ಕುಳಿತು ಕೈ ಹಾಕಿ ಒಂದು ಚೀಟಿ ತೆಗೆದ. ಅದು ಬೇರೆ ಯಾರದೋ. ಅವನದು ಮುಂದೆ ಬಂತು, ಐದನೆಯದು. ಗುರುತು ಏನು ಎಂದು ಕೇಳಿದರೆ ಎರಡು ಗೆರೆ ಸಾಕು ಎಂದ.

ಅವನ ಪಾಳಿಯ ದಿನ ಅವನು ಕೊಪ್ಪರಿಗೆಯ ಬಾಜೂಕೆ ನಿಂತು ತಾನೇ ಹುಟ್ಟು ಹಿಡಿದ. ಪಾಳಿ ಯಾರದಿರಲಿ, ಮೊದಲ ಬಿಸಿ ಬೆಲ್ಲವನ್ನು ಸಂಘದವರಿಗೆಲ್ಲ ಹಂಚುವುದು ನಮ್ಮ ಪದ್ಧತಿ. ಆ ದಿನ ನಾಲ್ಕು ಮಂದಿ ಬರಲೇ ಇಲ್ಲ. ಬಂದವರಲ್ಲಿ ಇಬ್ಬರು, ಹಲ್ಲು ನೋವು ಎಂದರು. ಗೌಡರು ರಸ್ತೆಯ ಮೇಲೆ ನಿಂತು ಒಂದು ಗಳಿಗೆ ಇತ್ತ ನೋಡಿ ಹೋದರು. ನನ್ನ ಹೆಂಡತಿ ಎಲ್ಲರಿಗಿಂತ ಮುಂದೆ ಹೋಗಿ ತಾಟು ಹಿಡಿದಳು. ಅವನು ಆ ದಿನ ಒಂದೂ ಕೊಪ್ಪರಿಗೆಯ ತಳ ಹಿಡಿಸಲಿಲ್ಲ.

ಕೆಲಸ ಮುಗಿದ ಮೇಲೆ ಕೇಳಿದೆ, ಇನ್ನು ಊರಲ್ಲೇ ಇರು, ಚೀಟಿ ಆಯಿತಲ್ಲ ಎಂದು. ಪೆಂಟೆಗಳಿಗೆ ಎರಡು ಗೆರೆ ಒತ್ತುತ್ತಲೇ ಹೇಳಿದ:

"ಹಿರೇ ಮಗಳು ಅಲ್ಲಿ ಸಾಲಿ ಕಲ್ಯಾಕತ್ತಾಳ. ಐದನೇ ಇಯತ್ತೆ. ಒಳಗ ಕುಂಡ್ರತಾಳ. ಇಲ್ಲಿಗೆ ತಂದ್ರ ಅಕಿನ್ನ ಕಟ್ಟಿ ಮ್ಯಾಲ ಕುಂಡ್ರಸಲೇನು?"

ಕೊನೆಯ ಪೆಂಟೆಗೂ ಗೆರೆ ಒತ್ತಿ ಎದ್ದ. ಮರುದಿನ ನಸುಕಿನಲ್ಲಿ ಹೋದ.

ಆಮೇಲೆ ಶಾಲೆಯ ಕಟ್ಟೆಯ ವಿಷಯಕ್ಕೂ ಓಡಾಡಿದೆ, ಮೂಡಲಗಿ, ಗೋಕಾಕ ಎಂದು. ಈಗ ನಮ್ಮೂರ ಶಾಲೆಯಲ್ಲಿ ಎಲ್ಲ ಮಕ್ಕಳೂ ಒಳಗೆ ಕೂಡುತ್ತಾರೆ. ಆದರೆ ಅದು ಆಗುವಷ್ಟರಲ್ಲಿ ಅವನ ಮಗಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಮದುವೆಯೂ ಆಗಿತ್ತು. ನಾವು ಮಾಡಬೇಕಾದದ್ದನ್ನು ಮಾಡಿದೆವು, ನಿಜ. ಇಬ್ಬರೂ ಗಟ್ಟಿಯಾಗಿದ್ದು ಬಾಜೂಬಾಜೂ ಬಾಗಿ ಕಡಿಯಬಹುದಾಗಿದ್ದ ಆ ಸುಗ್ಗಿಗಳನ್ನು ಮಾತ್ರ ಯಾವ ನಿಯಮವೂ ಹಿಂದೆ ತರಲಿಲ್ಲ. ವರ್ಷಕ್ಕೆ ಎರಡು ದಿನ ಅವನು ತನ್ನ ಪಾಳಿಗೆ ಬರುತ್ತಾನೆ. ಉಳಿದ ದಿನಗಳಲ್ಲಿ ನಾನು ಕಬ್ಬು ಬೆಳೆಯುವುದನ್ನು ನೋಡುತ್ತೇನೆ, ಬೇಗ ಬೆಳೆಯಲಿ ಎಂದು.

ಇದನ್ನು ಬರೆಯುತ್ತಿರುವುದು 1946ರಲ್ಲಿ. ಈಗ ನನಗಿರುವುದು: ಕಾಲುವೆ ನೀರಿನ ಎರಡೆಕರೆ ಹೊಲ, ಒಂದು ಜೋಡಿ ಎತ್ತು, ಒಂದು ಎಮ್ಮೆ, ನಾಲ್ಕು ಅಂಕಣದ ಮನೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಹತ್ತೊಂಬತ್ತು ಮಂದಿಯ ಸಂಘದಲ್ಲಿ ಒಂದು ಚೀಟಿ, ಹದಿನಾರು ಮೈಲಿಯ ಆಚೆ ಒಬ್ಬ ಗೆಳೆಯ.